ಯಾಲಕ್ಕಿ ಬನ್ನು

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ, ರಾಚಪ್ಪ. ಈಗ ನಾನಿರುವುದು ಹಂಗಳದಲ್ಲಿ, ಅಪ್ಪನ ಮನೆಯಲ್ಲಿ. ಇಲ್ಲಿ ನನ್ನ ಬಾಯಿ ಮುಚ್ಚಿಸುವವರು ಯಾರೂ ಇಲ್ಲ.

ಐವತ್ನಾಲ್ಕನೇ ಇಸವಿಯಲ್ಲಿ ನನ್ನನ್ನು ಗುಂಡ್ಲುಪೇಟೆಗೆ ಕೊಟ್ಟರು. ಲಿಂಗವಂತರ ಮನೆ, ಬೆಲ್ಲದ ಮಂಡಿ, ಕೊಟ್ಟಿಗೆ ತುಂಬ ದನ. ಮಾವ ತೀರಿಕೊಂಡಿದ್ದರು. ವರ್ಷ ತುಂಬುವುದರೊಳಗೆ ರಾಚಪ್ಪನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಕ್ಷಯ ಅಂದರು ಡಾಕ್ಟರು. ಸೂಜಿ ಚುಚ್ಚಿ, "ಸೂಜಿದು ಅರ್ಧ ಕೆಲಸ, ಊಟದ್ದು ಅರ್ಧ. ಹಾಲು ಕೊಡಿ, ಮೊಟ್ಟೆ ಕೊಡಿ. ಇಲ್ಲದಿದ್ದರೆ ಉಳಿಯೋದು ಕಷ್ಟ" ಅಂತ ಮುಖಕ್ಕೇ ಹೇಳಿದರು.

ಅತ್ತೆ ಪುಟ್ಟಬಸಮ್ಮ ಅಲ್ಲೇ ಕಿವಿ ಮುಚ್ಚಿಕೊಂಡರು. "ಶಿವ ಶಿವ. ಲಿಂಗ ಕಟ್ಟಿರೋ ಮೈಗೆ ಅದ್ನ ಕೊಡಕಾದದಾ ಡಾಕ್ಟ್ರೆ? ಹಾಲು ತುಪ್ಪ ಎಷ್ಟು ಬೇಕಾದ್ರೂ ಕೊಡ್ತೀವಿ."

ಬರೀ ಹಾಲು ತುಪ್ಪ ಅವನಿಗೆ ರುಚಿಸಲಿಲ್ಲ. ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದ. ಬಾಯಿಗೆ ಸೇರುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಮಲಯಾಳಿ ಕಾಕನ ಬೇಕರಿಯ ಸಿಹಿ ಬನ್ನು ಮಾತ್ರ. ನಮ್ಮ ಕಡೆ ಬನ್ನು ಅಂದರೆ ಕಾಯಿಲೆಯವರ ತಿಂಡಿ. ಗಟ್ಟಿಮುಟ್ಟಾಗಿರುವವರು ಅದನ್ನು ಮೂಸಿಯೂ ನೋಡುವುದಿಲ್ಲ. ಅದೇ ನನಗೆ ಅನುಕೂಲವಾಯಿತು.

ಕೊಟ್ಟಿಗೆ ಗುಡಿಸಲು ಬರುತ್ತಿದ್ದ ಮಾದಮ್ಮ ಹಿಂದೆ ಊಟಿಯಲ್ಲಿ ಯಾವುದೋ ದೊರೆಯ ಬಂಗಲೆಯಲ್ಲಿ ಪಾತ್ರೆ ತೊಳೆದಿದ್ದವಳು. ನಾನು ಹಿತ್ತಲಲ್ಲಿ ಅಳುತ್ತಾ ನಿಂತದ್ದನ್ನು ನೋಡಿ ಹತ್ತಿರ ಬಂದಳು.

"ಅಳ್ಬೇಡಿ ಕಣಮ್ಮೋರೆ. ದೊರೆ ಮಕ್ಳುಗೆ ಮಾಡ್ಕೊಡೋರು. ಬನ್ನ ಸೀಳ್ಬುಟ್ಟು, ಮೊಟ್ಟೆ, ಹಾಲು, ಸಕ್ರೆ ಕಲ್ಸಿ ಅದ್ರೊಳಕ್ಕೆ ಅದ್ದಿ, ತುಪ್ಪದಲ್ಲಿ ಕೆಂಪುಗೆ ಬೇಯ್ಸೋದು. ಒಳಗೆ ಏನದೆ ಅಂತ ಕಣ್ಣಿಗೆ ಕಾಣಲ್ಲ."

ಮಾರನೆಯ ದಿನ ಅವಳ ಹುಲ್ಲಿನ ಹೊರೆಯೊಳಗೆ ಮೊಟ್ಟೆ ಬಂದವು. ನಾನು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಸೆರಗನ್ನು ಮೂಗಿಗೆ ಬಿಗಿದುಕೊಂಡು ಒಡೆದು ಕದಡಿದೆ. ಮೊದಲ ಬನ್ನು ಹೆಚ್ಚು ನೆನೆದು ಕೈಯಲ್ಲೇ ಕಿತ್ತುಬಂತು. ಎರಡನೆಯದು ಸಕ್ಕರೆಯ ದೆಸೆಯಿಂದ ಬೇಗ ಸೀದುಹೋಯಿತು. ಕೆಂಡ ಹಿಂದಕ್ಕೆಳೆದು ಮೂರನೆಯದನ್ನು ಕಾವಲಿಯ ಮೇಲೆ ಹಾಕಿದೆ. ಅದು ಹೊಂಬಣ್ಣಕ್ಕೆ ತಿರುಗಿತು. ಸಿಪ್ಪೆಯನ್ನು ತಿಪ್ಪೆಯೊಳಗೆ ಆಳವಾಗಿ ಹೂತೆ.

ತಟ್ಟೆ ಮುಂದಿಟ್ಟಾಗ ರಾಚಪ್ಪ ಮೂಸಿದ. ನನ್ನ ಮುಖ ನೋಡಿದ. ಆಮೇಲೆ ಎದೆಯ ಮೇಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ದಾರ ಸಮೇತ ಹೆಗಲ ಮೇಲಿಂದ ಬೆನ್ನಿಗೆ ಸರಿಸಿಕೊಂಡು, ತಲೆ ತಗ್ಗಿಸಿ ತಿಂದ. ಅವನಿಗೆ ಗೊತ್ತಾಗಿದೆ ಅನ್ನುವುದು ನನಗೆ ಗೊತ್ತಾಯಿತು. ಮದುವೆಯಾದ ಮೇಲೆ ಮೊದಲ ಸಲ ಈ ಮನುಷ್ಯ ನನ್ನವನು ಅನ್ನಿಸಿ ಕಣ್ಣು ತುಂಬಿ ಬಂತು.

ಆಮೇಲೆ ದಿನವೂ ಹಾಗೇ. ನಾನು ತಟ್ಟೆ ಇಡುವುದು, ಅವನು ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುವುದು, ತಿಂದು ಬಾಯಿ ತೊಳೆದು ಮತ್ತೆ ಎದೆಗೆ ತಂದುಕೊಳ್ಳುವುದು.

ಒಂದು ಬೆಳಗ್ಗೆ ನಾನು ಬನ್ನು ಬೇಯಿಸುತ್ತಿದ್ದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮೊಟ್ಟೆ ಕದಡಿದ ಪಾತ್ರೆಯನ್ನು ಸೆರಗಿನಡಿಗೆ ಎಳೆದುಕೊಂಡೆ. ಅವರು ಒಳಗೆ ಬರಲಿಲ್ಲ. ಮಡಿಲಿನಿಂದ ಒಂದು ಹಿಡಿ ಯಾಲಕ್ಕಿ ತೆಗೆದು ಹೊಸ್ತಿಲ ಮೇಲಿಟ್ಟು, "ಯಾಲಕ್ಕಿ ವಸಿ ಜಾಸ್ತಿ ಆಕು ಕಣಮ್ಮಿ" ಅಂದು ಹೊರಟುಹೋದರು. ಮಗನ ಮೇಲಿನ ಪ್ರೀತಿಗೆ ಕೈ ಬಿಚ್ಚಿದ್ದಾರೆ ಅಂದುಕೊಂಡೆ. ಎಂಥ ಪೆದ್ದಿ ನಾನು.

ಬೇಸಿಗೆ ಬರುವ ಹೊತ್ತಿಗೆ ರಾಚಪ್ಪನ ಕೆನ್ನೆ ತುಂಬಿತ್ತು. ಮಂಡಿಗೆ ಹೋಗಿ ಕೂರತೊಡಗಿದ. ಬಂದವರಿಗೆಲ್ಲ ಅತ್ತೆ, "ಬೆಟ್ಟದ ಮಾದಪ್ಪ ಕಣ್ ಬುಟ್ಟ" ಅನ್ನುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ.

ಹೊಲಕ್ಕೆ ಗೊಬ್ಬರ ಹೊಡೆಯುವ ದಿನ ಮಾವನ ಅಣ್ಣ ಚಿಕ್ಕಮಲ್ಲಪ್ಪನವರು ಬಂದಿದ್ದರು. ಮನೆಗೆ ಅವರೇ ಹಿರಿಯರು. ತಿಪ್ಪೆ ಅಗೆಯುವಾಗ ಮೊಟ್ಟೆ ಸಿಪ್ಪೆ ರಾಶಿ ರಾಶಿ ಎದ್ದಿತು. ಸನಿಕೆಯಲ್ಲಿ ಬಾಚಿಸಿ ತಂದು ಅಂಗಳದಲ್ಲಿ ಸುರಿಸಿದರು. ನೆರೆಹೊರೆಯವರೆಲ್ಲ ಬಾಗಿಲಿಗೆ ಬಂದರು.

"ಇದು ಯಾರ ಮನೆ ಅನ್ಕಂಡಿದ್ದೀರಿ? ಯಾರ್ಗೆ ಬೇಯ್ಸಾಕಿದ್ದು ಇದ್ನ?" ಅಂದರು ಅವರು.

"ನಿಮ್ಮ ತಮ್ಮನ ಮಗನ ಜೀವ ಉಳ್ಸಕೆ ನಾನೇ ಮಾಡ್ದೆ" ಅಂದೆ. ಅಂದು ರಾಚಪ್ಪನ ಕಡೆ ನೋಡಿದೆ. ಹೂಂ ಅಂದಿದ್ದರೆ ಸಾಕಿತ್ತು.

ರಾಚಪ್ಪ ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಈ ಲಿಂಗದಾಣೆಗೂ ನಂಗೊತ್ತಿರ್ನಿಲ್ಲ ದೊಡ್ಡಪ್ಪ. ಬರೀ ಬನ್ನು ಅನ್ಕಂಡು ತಿಂದೆ."

ಅತ್ತೆ ಎದೆ ಬಡಿದುಕೊಂಡರು. "ನನ್ ಮಗನ ಕುಲ ಕೆಡಿಸ್ಬುಟ್ಲಲ್ಲಪ್ಪ." ಅಳುತ್ತಲೇ ಒಮ್ಮೆ ನನ್ನ ಕಡೆ ನೋಡಿ, ಥಟ್ಟನೆ ಮುಖವನ್ನು ಗೋಡೆಗೆ ತಿರುಗಿಸಿದರು. ಆಗ ಹೊಸ್ತಿಲ ಮೇಲಿನ ಯಾಲಕ್ಕಿ ನೆನಪಾಯಿತು. ಬರೀ ಬನ್ನಿಗೆ ಅಷ್ಟು ಯಾಲಕ್ಕಿ ಯಾತಕ್ಕೆ? ಮೊಟ್ಟೆಯ ವಾಸನೆ ಅವರ ಮೂಗಿಗೂ ಬಡಿದಿತ್ತು. ಮಗನ ಜೀವ ಅವರಿಗೆ ಬೇಕಿತ್ತು, ಪಾಪಕ್ಕೆ ಬೇರೆಯವರ ಮನೆಯ ಮಗಳೊಬ್ಬಳು ಬೇಕಿದ್ದಳು.

ಮಠದಿಂದ ಅಯ್ಯನವರು ಬಂದರು. ಮನೆಗೆಲ್ಲ ಗಂಜಲ ಚಿಮುಕಿಸಿದರು. ಅರಿಯದೆ ತಿಂದವನಿಗೆ ದೋಷವಿಲ್ಲ ಅಂತ ರಾಚಪ್ಪನಿಗೆ ಪಾದೋದಕ ಕೊಟ್ಟರು. ಮೊಟ್ಟೆ ತಂದುಕೊಟ್ಟವಳು ಅನ್ನುವ ಗುಮಾನಿಯ ಮೇಲೆ ಮಾದಮ್ಮನ ಕೆಲಸ ಹೋಯಿತು. ನನ್ನನ್ನು ಹಂಗಳದ ಬಸ್ಸು ಹತ್ತಿಸಿದರು. ಹೋಗುವಾಗ ತಿರುಗಿ ನೋಡಿದೆ. ರಾಚಪ್ಪ ಹೊರಗೆ ಬಂದಿರಲಿಲ್ಲ.

ರಾಗಿ ಕೊಯ್ಲಿನ ಸಮಯದಲ್ಲಿ ಒಂದು ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಕಾಗದದ ಪೊಟ್ಟಣ. ಕೆನ್ನೆ ಮತ್ತೆ ಒಳಕ್ಕೆ ಹೋಗಿತ್ತು. ಜಗಲಿಯ ಮೇಲೆ ಕೂತು, ಕೆಮ್ಮು ನಿಲ್ಲುವವರೆಗೆ ಎದೆ ಹಿಡಿದುಕೊಂಡಿದ್ದ.

"ಅವ್ವನೇ ಕಳ್ಸುದ್ಲು. ಬನ್ನು ತಂದೀವ್ನಿ. ಆಗ ಮಾಡ್ತಿದ್ದೆಯಲ್ಲ, ಹಂಗೇ ಮಾಡ್ಕೊಡು."

"ಹಂಗೆ ಅಂದ್ರೆ ಹೆಂಗೆ?"

ಅವನು ಬೀದಿಯ ಕಡೆ ನೋಡಿದ. ಎದುರು ಮನೆಯ ಬೇಲಿಯ ಬುಡದಲ್ಲಿ ಯಾರದೋ ಕೋಳಿಗಳು ಕೆರೆಯುತ್ತಿದ್ದವು.

"ಏನಾಕಿ ಮಾಡ್ಲಿ? ಬಾಯ್ಬುಟ್ಟು ಹೇಳಿ."

"ನಿಂಗೊತ್ತಲ್ಲ" ಅಂದ.

ಆ ಒಂದು ಮಾತನ್ನು ಅವನು ಬಾಯಿಬಿಟ್ಟು ಅಂದಿದ್ದರೆ, ಆಣೆ ಹಾಕಿ ಹೇಳುತ್ತೇನೆ, ಬೇಲಿ ಹಾರಿ ಹೋಗಿ ತರುತ್ತಿದ್ದೆ. ಇಷ್ಟೆಲ್ಲ ಆದ ಮೇಲೂ ತರುತ್ತಿದ್ದೆ. ಅವನು ಅನ್ನಲಿಲ್ಲ.

ಒಲೆ ಹಚ್ಚಿದೆ. ಬನ್ನು ಸೀಳಿದೆ. ಹಾಲು ಹಾಕಿದೆ, ಸಕ್ಕರೆ ಹಾಕಿದೆ, ಯಾಲಕ್ಕಿ ಕೈತುಂಬ ಕುಟ್ಟಿ ಹಾಕಿದೆ. ತುಪ್ಪದಲ್ಲಿ ಕೆಂಪಗೆ ಬೇಯಿಸಿ ತಟ್ಟೆಯಲ್ಲಿಟ್ಟು ತಂದೆ.

ರಾಚಪ್ಪ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡ. ಒಂದು ತುತ್ತು ಅಗಿದ. ಇನ್ನೊಂದನ್ನು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಇದ್ರಲ್ಲಿ ಅದು ಇಲ್ವಲ್ಲ" ಅಂದ.

"ಯಾವ್ದು?" ಅಂದೆ.

ತುತ್ತು ಅವನ ಬಾಯಲ್ಲೇ ಇತ್ತು.

"ಕರಡಿಗೆ ಮುಂದಕ್ಕೆ ಆಕ್ಕಳಿ" ಅಂದೆ. "ಇವತ್ತು ನೀವು ತಿಂತಿರೋದು ಬರೀ ಬನ್ನೇ."