ಎರಡು ಬಾಗಿಲ ನಡುವಿನ ಸಾಹೇಬರು

ನನ್ನ ಕೈಗೆ ಬಗ್ಗದ ಬೀಗ ಲೋಕದಲ್ಲಿ ಇನ್ನೂ ಹುಟ್ಟಿಲ್ಲ. ಸೊಳ್ಳೆಯೂ ಅನುಮತಿ ಕೇಳಿ ಹಾರಬೇಕಾದ ಈ ಬಿಗಿ ಕಾವಲಿನ ಜೈಲನ್ನು ಸರ್ಕಾರ ಕಟ್ಟಿಸಿದ್ದೇ ನನಗೆ ಹೆದರಿ. ಉಳಿದ ಕೈದಿಗಳೆಲ್ಲ ನನ್ನ ಹೆಸರಲ್ಲಿ ಬಂದು ಪುಕ್ಕಟೆ ಉಣ್ಣುವವರು.

ಅಂದು ಅಕ್ಕ ಬಂದಿದ್ದಳು. ನನ್ನನ್ನು ಮನೆಗೆ ಸೇರಿಸಿಕೊಳ್ಳುತ್ತೇನೆಂದು ಅವಳು ರುಜು ಹಾಕಿದರಷ್ಟೇ ನನಗೆ ಬಿಡುಗಡೆ. ಅವಳದು ಒಂದೇ ಷರತ್ತು: ಇನ್ನು ಬೀಗದ ತಂಟೆಗೆ ಹೋಗಕೂಡದು.

ಜೈಲಿಗೂ ಭೇಟಿಕೋಣೆಗೂ ಮಧ್ಯೆ ಎರಡು ಬಾಗಿಲು, ಅವುಗಳ ನಡುವೆ ಬಚ್ಚಲಿನಷ್ಟು ಜಾಗ. ಎರಡಕ್ಕೂ ಬೆರಳಿರಲಿ, ಕೀಲಿಯೂ ತೂರದ ಜಾಲರಿ. ಎಳೆದರೆ ತಾನಾಗಿ ಬೀಳುವ ಬೀಗ. ಕೀಲಿ ಹಾಕಿ ತೆಗೆಯಲು ಒಂದಕ್ಕೆ ನಮ್ಮ ಕಡೆಯಿಂದ ಮಾತ್ರ ಸಾಧ್ಯ, ಇನ್ನೊಂದಕ್ಕೆ ಅಕ್ಕನ ಕಡೆಯಿಂದ ಮಾತ್ರ; ನಡುವಿನಿಂದ ಯಾವುದಕ್ಕೂ ಆಗದು. ಅದಕ್ಕೇ ಆ ಕಡೆ ಈ ಕಡೆ ಒಬ್ಬೊಬ್ಬ ಪೇದೆ, ಒಬ್ಬೊಬ್ಬನ ಬಳಿ ಒಂದೊಂದು ಕೀಲಿ.

ಜೈಲಿನ ದೊಡ್ಡ ಸಾಹೇಬರಿಗೆ ಸ್ವಂತ ನೆರಳಿನ ಮೇಲೂ ಅನುಮಾನ. ಎರಡೂ ಕೀಲಿ ಕಸಿದು ಜೇಬಿಗಿಳಿಸಿದರು. ಅಕ್ಕನ ಕಡೆಯಿಂದ ನಡುವಿನ ಜಾಗಕ್ಕೆ ಬಂದು, ಹಿಂದಿನ ಬಾಗಿಲನ್ನು ಗತ್ತಿನಿಂದ ಎಳೆದುಕೊಂಡರು. ಮುಂದಿನದು ಮೊದಲೇ ಮುಚ್ಚಿತ್ತು. ಎರಡು ಕೀಲಿ ಇಟ್ಟುಕೊಂಡೂ ಸಿಕ್ಕಿಬಿದ್ದ ಮಹಾನುಭಾವರು ಭೂಮಿಯ ಮೇಲೆ ಅವರೊಬ್ಬರೇ.

"ಕೂತ್ಕೊಳ್ಳಿ ಸಾರ್," ಎಂದೆ. "ಮೇಸ್ತ್ರಿ ಬಂದು ಗೋಡೆ ಒಡೀತಾನೆ."

"ತಲೆಹರಟೆ ಬೇಡ. ತೆಗಿ."

ಆಚೆಯ ಜಾಲರಿಯಿಂದ ಅಕ್ಕ ಕೂಗಿದಳು: "ಮುಟ್ಟಬೇಡ ಕಣೋ. ಅವರು ಮಾಡ್ಕೊಂಡಿದ್ದು, ಅವರೇ ಅನುಭವಿಸ್ಲಿ."

"ಇವನ ಕೈಲಿ ಎಲ್ಲಿ ಆಗುತ್ತಮ್ಮ?" ಸಾಹೇಬರು ಮೂಗು ಮುರಿದರು. "ಬರೀ ಬಾಯಿ."

ನಾನು ಪಕ್ಕದ ಪೇದೆಯ ಎದೆಯ ಬಿಲ್ಲೆಯಿಂದ ಪಿನ್ನು ಕಿತ್ತೆ. ಅವನು ಆಕಳಿಸಿ ಬಾಯಿ ಮುಚ್ಚುವುದರೊಳಗೆ ಬೀಗ ನನಗೆ ಕೈಮುಗಿದಿತ್ತು.

ಸಾಹೇಬರು ಈಚೆ ಬಂದವರೇ ಟೋಪಿ ಸರಿಮಾಡಿಕೊಂಡು ಪೇದೆಯತ್ತ ತಿರುಗಿದರು. "ಬೀಗ ಮುರಿದ ಅಂತ ಇವನ ಮೇಲೊಂದು ಕೇಸು ಬರಿ."

ಅಂಥ ಕ್ರಿಮಿಗೆ ಉತ್ತರ ಕೊಡುವ ದರ್ದು ನನಗಿಲ್ಲ. ನಡುವಿನ ಜಾಗಕ್ಕೆ ನುಗ್ಗಿ ಅಕ್ಕನೆದುರಿನ ಜಾಲರಿಗೆ ಮುಖ ಒತ್ತಿದೆ.

"ನೋಡಿದ್ಯಾ ಅಕ್ಕಾ?"

"ನೋಡ್ದೆ. ಆ ಪೆದ್ದ ಸ್ವಲ್ಪ ಹೊತ್ತು ಒಳಗಿದ್ರೆ ನಿಂಗೇನಾಗ್ತಿತ್ತೋ?" ಅವಳ ಬೆರಳ ನಡುವೆ ಪೆನ್ನು ಇನ್ನೂ ತೆರೆದೇ ಇತ್ತು. "ನಮ್ಮ ಬೀದೀಲಿ ಎಷ್ಟು ಮನೆಗೆ ಬೀಗ ಇದೆ, ಗೊತ್ತಾ ನಿಂಗೆ?"

"ಗೊತ್ತು," ಎಂದೆ ಎದೆಯುಬ್ಬಿಸಿ. "ಯಾವ್ಯಾವುದು ಎಂಥದ್ದು ಅಂತ ಹೇಳ್ಲಾ?"

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. ರುಜು ಹಾಕದೆಯೇ ಹೊರಟುಹೋದಳು.