ಬೀರುವಿನಲ್ಲಿಟ್ಟ ಗಂಟೆ

ಮೂರನೇ ಮಹಡಿಯ ಒಂಬತ್ತನೇ ಕೋಣೆಯಲ್ಲಿದ್ದ ದರ್ಜಿ ಅಜ್ಜ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯವರು ಮೂರು ದಿನ ಯೋಚಿಸಿ ಅದಕ್ಕೊಂದು ಕಾರಣ ಹುಡುಕಿದರು. ಆ ಕಾರಣ ನನ್ನ ಓರಗಿತ್ತಿ.

ನನ್ನ ಗಂಡನ ಅಣ್ಣನ ಹೆಂಡತಿ ಅವಳು. ಹತ್ತೊಂಬತ್ತು ವರ್ಷದಿಂದ ಅದೇ ಮಹಡಿಯಲ್ಲಿ ನರ್ಸು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಕಿವಿ ಎಂಥದ್ದೆಂದರೆ, ನಮ್ಮ ಒಲೆಯ ಮೇಲೆ ಹಾಲು ಉಕ್ಕುವ ಮೊದಲೇ ಆ ಕಡೆಯಿಂದ "ಒಲೆ ಆರಿಸೇ!" ಎಂದು ಕೂಗು ಬರುತ್ತದೆ. ಅಂಥವಳ ಕೈಗೆ ನೋಟೀಸು ಕೊಟ್ಟಿದ್ದರು: ರೋಗಿ ಗಂಟೆ ಒತ್ತಿದರೂ ಹೋಗದೆ ಕರ್ತವ್ಯಲೋಪ ಎಸಗಿದ್ದೀರಿ, ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ, ಉತ್ತರ ಸರಿಯಿಲ್ಲದಿದ್ದರೆ ಕೆಲಸದಿಂದ ವಜಾ.

ಆ ಗಂಟೆಗೆ ತಂತಿಯಿಲ್ಲ. ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ಸುದ್ದಿ ಗಾಳಿಯಲ್ಲಿ ಹೊರಟು ಚಾವಣಿಯ ಬಿಳಿ ವೈಫೈ ಪೆಟ್ಟಿಗೆಗೆ ಮುಟ್ಟುತ್ತದೆ. ಅಲ್ಲಿಂದ ನರ್ಸಿನ ಸೊಂಟದಲ್ಲಿ ಸಿಕ್ಕಿಸಿದ ಪುಟ್ಟ ಯಂತ್ರಕ್ಕೆ ಬರುತ್ತದೆ. ಯಂತ್ರ ನಡುಗಿ ಕೋಣೆಯ ಸಂಖ್ಯೆ ತೋರಿಸುತ್ತದೆ. ಇಂಥ ಬಿಳಿ ಪೆಟ್ಟಿಗೆಗಳನ್ನು ಕೂರಿಸುವುದೇ ನನ್ನ ಕಸುಬು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ ನಾನು, ಏಣಿ ಮಾತ್ರ ಸಾಕಷ್ಟು ಹತ್ತಿದ್ದೇನೆ.

"ಅಕ್ಕ, ನಿಜ ಹೇಳು. ತೂಕಡಿಸಿದ್ಯಾ?" ಅವಳು ಒಗೆದ ಬಟ್ಟೆ ಮಡಚುತ್ತಿದ್ದಾಗ ಕೇಳಿದೆ.

"ಮಧ್ಯಾಹ್ನ ಎರಡೂವರೆಗೆ? ಎಂಟು ಜನಕ್ಕೆ ಔಷಧಿ ಕೊಡೋ ಹೊತ್ತಲ್ಲಿ? ನಿಂತ್ಕೊಂಡೇ ನಿದ್ದೆ ಮಾಡೋಕೆ ನಾನೇನು ನಿನ್ನ ಭಾವನಾ?"

"ಸೊಂಟದ್ದು ನಡುಗಲೇ ಇಲ್ವಾ?"

"ಇಲ್ಲ ಕಣೆ. ಒತ್ತಿದೆ ಅಂತಾರೆ ಅಜ್ಜ. ಅವರು ಸುಳ್ಳು ಹೇಳೋರಲ್ಲ, ನಾನೂ ಹೇಳ್ತಿಲ್ಲ. ಮತ್ತೆ ಸುಳ್ಳು ಹೇಳ್ತಿರೋದು ಯಾರು?"

"ಸಾಮಾನು."

"ಸಾಮಾನಿಗೆ ಸರ್ಟಿಫಿಕೇಟ್ ಇದೆಯಂತೆ. ಕನ್ನಡಿ ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನಂಗೆ ಯಾರು ಕೊಡ್ತಾರೆ?"

ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಅವಳ ಕೈ ಹಾಗೆ ದಾರಿ ತಪ್ಪಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಸರ್ಟಿಫಿಕೇಟಿನ ಕಥೆ ಹೀಗೆ. ಆಸ್ಪತ್ರೆಯ ಮ್ಯಾನೇಜರಿಗೆ ಕೆಲಸದವರು ಇಟ್ಟ ಹೆಸರು ಬೀಗದ ಸಾಹೇಬ್ರು. ಹತ್ತಿ ಸುರುಳಿಗೆ ಬೀಗ, ಸಾಬೂನಿಗೆ ಬೀಗ, ಸಹಿ ಮಾಡುವ ಪೆನ್ನಿಗೆ ಸರಪಳಿ. ಸೊಂಟದಲ್ಲಿ ಸದಾ ಕೀಲಿಗೊಂಚಲು. ಅವರು ಬರುವ ಮೊದಲೇ ಅದರ ಸದ್ದು ಬರುತ್ತಿತ್ತು. ಆ ಮಹಡಿಯಲ್ಲಿ ತಪ್ಪದೆ ಕೇಳಿಸುತ್ತಿದ್ದ ಗಂಟೆ ಅದೊಂದೇ. ಎರಡು ತಿಂಗಳ ಹಿಂದೆ ನೆಟ್‌ವರ್ಕ್ ನಿಧಾನವಾಯಿತು, ಹೊರಗಿನವರು ಯಾರೋ ಒಳನುಗ್ಗಿದ್ದಾರೆ ಎಂದು ಗಾಬರಿಯಾಗಿ ಒಬ್ಬ ತಜ್ಞರನ್ನು ಕರೆಸಿದರು. ತಜ್ಞರು ನಲವತ್ತು ಪುಟದ ವರದಿ ಬರೆದರು. ಅದರಲ್ಲಿ ಸಾಹೇಬರಿಗೆ ಅರ್ಥವಾದದ್ದು ಒಂದೇ ಸಾಲು: ಉಪಕರಣಗಳನ್ನು ಸುರಕ್ಷಿತವಾಗಿಡತಕ್ಕದ್ದು. ಅರ್ಥವಾದ ಒಂದನ್ನಾದರೂ ಪಾಲಿಸಬೇಕಲ್ಲ, ಪಾಲಿಸಿದರು. ತಜ್ಞರು ಮತ್ತೆ ಬಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟುಹೋದರು.

ಹೇಗೆ ಪಾಲಿಸಿದರು ಎಂಬುದು ನನಗೆ ತಿಳಿದದ್ದು ಶುಕ್ರವಾರ. ವಿಚಾರಣೆಗೆ ಅರ್ಧ ಗಂಟೆ ಮೊದಲೇ ಹೋದೆ. ಲಿಫ್ಟಿನ ಪಕ್ಕದ ಗೋಡೆಗೆ ದೊಡ್ಡ ಅಕ್ಷರದಲ್ಲಿ ವೈಫೈ ಪಾಸ್‌ವರ್ಡ್ ಅಂಟಿಸಿತ್ತು. ಬಂದವರೆಲ್ಲ ಕೇಳಿ ಕೇಳಿ ತಲೆ ತಿನ್ನುತ್ತಾರೆಂದು ಸಾಹೇಬರೇ ಅಂಟಿಸಿದ್ದಂತೆ. ಬೆಂಚಿನ ಮೇಲೆ ಕೂತ ಏಳು ಜನ ಏಳು ಸಿನಿಮಾ ನೋಡುತ್ತಿದ್ದರು. ರೋಗಿಗಳ ಗಂಟೆಗೂ ಅದೇ ನೆಟ್‌ವರ್ಕ್, ಅದೇ ಪಾಸ್‌ವರ್ಡ್. ಕಳ್ಳ ನುಗ್ಗಿದ್ದಾನೆ ಎಂದು ಕೂಗಿದವರೇ ಬಾಗಿಲಿಗೆ ತೋರಣ ಕಟ್ಟಿ ಕರೆದಿದ್ದರು.

ತಲೆ ಎತ್ತಿ ಚಾವಣಿ ನೋಡಿದೆ. ಕೋಣೆಗಳ ಸಾಲಿನ ಮುಂದಿನ ಓಣಿಯ ನಟ್ಟನಡುವೆ ನಾಲ್ಕು ಸ್ಕ್ರೂ ತೂತು, ಅವುಗಳ ನಡುವೆ ಧೂಳು ಕೂರದ ಒಂದು ಬಿಳಿ ಚೌಕ. ಪೆಟ್ಟಿಗೆ ಇಲ್ಲ! ಅದರ ತಂತಿ ಮಾತ್ರ ಗೋಡೆ ಹಿಡಿದು ಇಳಿದಿತ್ತು. ಜೊತೆಯಲ್ಲೇ ನಡೆದೆ. ಅದು ನರ್ಸುಗಳ ಮೇಜಿನ ಪಕ್ಕದ ಉಕ್ಕಿನ ಬೀರುವಿಗೆ ಹೋಗಿ, ಬೆನ್ನಿನ ತೂತಿನಲ್ಲಿ ನುಸುಳಿ ಮಾಯವಾಗಿತ್ತು. ಬೀರುವಿಗೆ ಮುಷ್ಟಿಯಷ್ಟು ದೊಡ್ಡ ಬೀಗ. ಕೈಯಿಟ್ಟು ನೋಡಿದರೆ ಉಕ್ಕು ಬೆಚ್ಚಗಿತ್ತು. ಬಾಗಿಲಿಗೆ ದಾರದಲ್ಲಿ ಒಂದು ಪುಸ್ತಕ ಕಟ್ಟಿತ್ತು. ದಿನಕ್ಕೊಂದು ಸಾಲು, ದಿನಕ್ಕೊಂದು ಸಹಿ: ಪೆಟ್ಟಿಗೆ ಒಂದು, ಭದ್ರವಾಗಿದೆ.

"ಇದರೊಳಗೆ ಏನಿದೆ ಅಂತ ಗೊತ್ತಾ ಅಕ್ಕ?" ಮೇಜಿನ ಹತ್ತಿರ ನಿಂತಿದ್ದವಳನ್ನು ಕೇಳಿದೆ.

"ಕಡತ ಇರ್ಬೇಕು. ಮೇಲಿದ್ದದ್ದನ್ನ ಬಿಚ್ಕೊಂಡು ಹೋದಾಗ, ಬೇರೆ ಎಲ್ಲೋ ಹಾಕ್ತಾರೆ ಅಂದ್ಕೊಂಡೆ. ಹತ್ತಿರದ ಕೋಣೆಗಳಿಂದ ಗಂಟೆ ಬರ್ತಾನೇ ಇತ್ತಲ್ಲ."

"ದೂರದವು?"

"ಏಳರಿಂದ ಆಚೆಗೆ ಸುಣ್ಣ ಬಣ್ಣ ನಡೀತಿತ್ತು, ಖಾಲಿ. ಮೊದಲು ಬಂದವರೇ ಈ ಅಜ್ಜ."

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಉಕ್ಕಿನ ಬೀರುವಿನೊಳಗಿಂದ ಸೋರಿದಷ್ಟು ಸಿಗ್ನಲ್ ಪಕ್ಕದ ಕೋಣೆಗಳಿಗೆ ಸಾಕು. ಓಣಿಯ ಕೊನೆಗೆ ಸಾಲದು. ಅಷ್ಟಿಷ್ಟು ಮುಟ್ಟಿದರೂ ಏಳು ಸಿನಿಮಾಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು.

ವಿಚಾರಣೆ ನಡೆದದ್ದು ಅದೇ ಮೇಜಿನ ಹಿಂದಿನ ಕೋಣೆಯಲ್ಲಿ. ಆಸ್ಪತ್ರೆ ಕಟ್ಟಿದ ದೊಡ್ಡ ಡಾಕ್ಟರಮ್ಮ ನಡುವೆ ಕೂತಿದ್ದರು. ಒಂದು ಪಕ್ಕ ಸಾಹೇಬರು, ಇನ್ನೊಂದು ಪಕ್ಕ ತಜ್ಞರು.

"ಇವರು ಸಂಬಂಧಿಕರು, ಮೇಡಂ. ಇವರ ಮಾತು ಯಾಕೆ?" ಎಂದರು ಸಾಹೇಬರು, ನನ್ನ ಕಡೆ ಕೀಲಿ ತೋರಿಸಿ.

"ಮಾತಾಡಲಿ. ಕಿವಿಗೇನು ಬೀಗ ಹಾಕಿಲ್ವಲ್ಲ," ಎಂದರು ಡಾಕ್ಟರಮ್ಮ.

ನಾನು ಬೀರುವಿನ ವಿಷಯ ಹೇಳಿದೆ. ತಜ್ಞರು ನಕ್ಕರು. ಓದಿದವರು ಓದದವರನ್ನು ನೋಡಿ ನಗುವ ನಗು ಇರುತ್ತದಲ್ಲ, ಅದು.

"ನೋಡಮ್ಮ, ಅತ್ಯುತ್ತಮ ಮಟ್ಟದ ಎನ್‌ಕ್ರಿಪ್ಷನ್ ಇದೆ. ಸಿಗ್ನಲ್ಲೂ ಪೂರ್ತಿ ಐದು ಗೆರೆ. ನಾನೇ ಖುದ್ದಾಗಿ ಪರೀಕ್ಷೆ ಮಾಡಿದ್ದೀನಿ."

"ಎಲ್ಲಿ ಕೂತು ಮಾಡಿದ್ರಿ ಸಾರ್?"

"ಇಲ್ಲೇ. ಈ ಮೇಜಿನ ಹತ್ತಿರ."

"ಒಲೆ ಪಕ್ಕ ಕೂತು, ಊರಿಗೆಲ್ಲ ಬೆಚ್ಚಗಿದೆ ಅಂತ ಬರ್ಕೊಟ್ರಿ."

ಡಾಕ್ಟರಮ್ಮ ಬೀರು ತೆಗೆಯಲು ಹೇಳಿದರು. ಸಾಹೇಬರು ಗೊಂಚಲನ್ನು ಮುಚ್ಚಿ ಹಿಡಿದರು. "ಅದಕ್ಕೆ ಇಬ್ಬರ ಸಹಿ ಆಗ್ಬೇಕು ಮೇಡಂ. ನಂದು, ಉಗ್ರಾಣದ ಗುಮಾಸ್ತರದು. ಅವರು ಸೋಮವಾರದವರೆಗೆ ರಜೆ."

"ಸರಿ, ಈ ನರ್ಸಮ್ಮನ್ನ ವಜಾ ಮಾಡೋದೂ ಸೋಮವಾರವೇ ನೋಡೋಣ."

"ಬೇಕಾಗಿಲ್ಲ ಮೇಡಂ. ಅದಕ್ಕೆ ಒಂದೇ ಸಹಿ ಸಾಕು."

ಅಕ್ಕ ನೆಲ ನೋಡಿದಳು. ನನಗೆ ಮೈ ಉರಿಯಿತು, ಆದರೆ ಉರಿದುಕೊಂಡು ಏಣಿ ಹತ್ತಿದವರು ಬೀಳುತ್ತಾರೆ. ಮೆತ್ತಗೆ ಹೇಳಿದೆ: "ಬೀಗ ತೆಗೆಯೋದೇ ಬೇಡ ಬಿಡಿ. ಒಂಬತ್ತನೇ ಕೋಣೆ ಈಗ ಖಾಲಿ. ಸಾಹೇಬ್ರು ಹೋಗಿ ಆ ಹಾಸಿಗೆ ಮೇಲೆ ಮಲಗಿ ಗಂಟೆ ಒತ್ತಲಿ. ಅಕ್ಕನ ಯಂತ್ರ ಇಲ್ಲಿ ಡಾಕ್ಟರಮ್ಮನ ಎದುರಿಗಿರಲಿ. ಆದ್ರೆ ಯಾರಾದ್ರೂ ಬರೋವರೆಗೂ ಅವರು ಏಳಬಾರದು. ರೋಗಿಗಳಿಗೆ ಹಾಕಿರೋ ನಿಯಮನೇ."

"ಈಗಲೇ ಒತ್ತಿ ತೋರಿಸ್ತೀನಿ!" ಸಾಹೇಬರು ಗೊಂಚಲು ಕುಣಿಸುತ್ತ ಹೊರಟರು. ಆ ಸದ್ದು ಓಣಿಯುದ್ದಕ್ಕೂ ಸಾಗಿ ನಿಂತಿತು.

ಯಂತ್ರ ಮೇಜಿನ ಮೇಲೆ ತೆಪ್ಪಗಿತ್ತು. ಐದು ನಿಮಿಷ ಕಳೆಯಿತು. ಚಹಾ ಬಂತು. ಹತ್ತು ನಿಮಿಷಕ್ಕೆ ಯಂತ್ರ ನಡುಗಿತು. ತಜ್ಞರು "ಹೇಳಲಿಲ್ವಾ!" ಎಂದು ಎದ್ದೇಬಿಟ್ಟರು. ಬಗ್ಗಿ ನೋಡಿದರೆ ಎರಡನೇ ಕೋಣೆ. ಕೈಗೆ ಪಟ್ಟಿ ಹಾಕಿಸಿಕೊಂಡ ದರ್ಜಿ ಅಜ್ಜ ಈಗ ಅಲ್ಲಿದ್ದರು. ಅಕ್ಕ ಹೋಗಿ ನೀರು ಕುಡಿಸಿ ಬಂದಳು. ತನ್ನ ಕೆಲಸ ಹೋಗುವ ವಿಚಾರಣೆಯ ನಡುವೆಯೂ ಓಡಿದ್ದಳು. ಡಾಕ್ಟರಮ್ಮ ಅದನ್ನು ನೋಡಿದರು. ತಜ್ಞರು ಕೂತರು.

ಇಪ್ಪತ್ತು ನಿಮಿಷವಾಗಿರಬೇಕು, ಓಣಿಯ ಆ ತುದಿಯಿಂದ ಕೀಲಿಗಳ ಸದ್ದು ಓಡೋಡಿ ಬಂತು. ಸಾಹೇಬರ ಕೂದಲು ದಿಂಬಿಗೆ ಒತ್ತಿ ಚಪ್ಪಟೆಯಾಗಿತ್ತು.

"ಏನ್ರೀ ಇದು! ಹದಿನೈದು ಸಲ ಒತ್ತಿದೆ. ಒಬ್ಬರಾದ್ರೂ ಬರಬಾರದಾ? ಮನುಷ್ಯ ಅಲ್ಲಿ ಸತ್ತು ಬಿದ್ದಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ!"

ಡಾಕ್ಟರಮ್ಮ ಕಡತ ತೆರೆದು ಅಜ್ಜನ ಹೇಳಿಕೆಯನ್ನು ಬೆರಳಿಟ್ಟು ಓದಿದರು: "ನಾಲ್ಕು ಸಲ ಒತ್ತಿದೆ. ಒಬ್ಬರೂ ಬರಲಿಲ್ಲ. ಎದ್ದು ಹೋಗಿ ಕರೆಯೋಣವೆಂದುಕೊಂಡೆ." ಆಮೇಲೆ ಕನ್ನಡಕ ತೆಗೆದು ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದರು. "ನೀವೂ ಎದ್ದು ಬಂದ್ರಲ್ಲ. ಕೈಕಾಲೆಲ್ಲ ಸರಿಯಿದೆ ತಾನೆ?"

ಎರಡನೇ ಸಹಿಯನ್ನು ಡಾಕ್ಟರಮ್ಮನೇ ಹಾಕಿದರು. ಬೀರು ತೆರೆಯಿತು. ಪಾಪ, ಪೆಟ್ಟಿಗೆ ಕತ್ತಲಲ್ಲಿ ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು. ಅದೇ ನಾಲ್ಕು ತೂತಿಗೆ ಅದನ್ನು ಮತ್ತೆ ಕೂರಿಸಿದೆ. ಬಂದುಹೋಗುವವರಿಗೆ ಬೇರೆ ನೆಟ್‌ವರ್ಕ್ ಮಾಡಿ, ಇಷ್ಟೇ ಪಾಲು ಎಂದು ಮಿತಿ ಹಾಕಿದೆ. ಗಂಟೆಗಳಿಗೆ ಅವುಗಳದ್ದೇ ದಾರಿ, ಯಾವ ಗೋಡೆಯ ಮೇಲೂ ಇಲ್ಲದ ಪಾಸ್‌ವರ್ಡ್. ತಜ್ಞರ ನಲವತ್ತು ಪುಟದಲ್ಲಿ ಇದೂ ಇತ್ತಂತೆ, ಇಪ್ಪತ್ತಾರನೆಯ ಪುಟದಲ್ಲಿ. ಮಾಡಿದ್ದಾರೋ ಇಲ್ಲವೋ ನೋಡುವುದು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ.

ಏಣಿ ಹಿಡಿದುಕೊಂಡಿದ್ದ ಸಾಹೇಬರು ಕೇಳಿದರು: "ಹೀಗೆ ಬಯಲಲ್ಲಿ ಬಿಟ್ರೆ ಯಾರಾದ್ರೂ ನುಗ್ಗಿದ್ರೆ ಏನಮ್ಮ ಗತಿ?"

"ಸಾರ್, ಸೊಂಟದಲ್ಲಿ ಅಷ್ಟೊಂದು ಕೀಲಿ ಜೋಪಾನ ಮಾಡ್ತೀರಿ. ನುಗ್ಗೋಕೆ ಬೇಕಾದ ಕೀಲಿ ಒಂದನ್ನ ಲಿಫ್ಟಿನ ಪಕ್ಕ ಅಂಟಿಸಿದ್ರಿ."

ಅವರು ಹೋಗಿ ಕಾಗದ ಕಿತ್ತರು. ಅಷ್ಟಕ್ಕೆ ಬುದ್ಧಿ ಬಂತು ಎಂದುಕೊಳ್ಳಬೇಡಿ. ಬೀರುವಿಗೆ ಈಗಲೂ ಅದೇ ಬೀಗ, ಒಳಗೆ ಏನೂ ಇಲ್ಲ, ಪುಸ್ತಕದಲ್ಲಿ ದಿನವೂ ಸಹಿ ಬೀಳುತ್ತಿದೆ: ಭದ್ರವಾಗಿದೆ.

ಸಂಜೆ ಅಕ್ಕನ ಕೈಗೆ ಪತ್ರ ಬಂತು. ನೋಟೀಸು ಹಿಂಪಡೆಯಲಾಗಿದೆ, ಇನ್ನು ಮುಂದೆ ಎಚ್ಚರದಿಂದಿರತಕ್ಕದ್ದು ಎಂದಿತ್ತು. ಅವಳು ಅದನ್ನು ಡಾಕ್ಟರಮ್ಮನ ಮುಂದಿಟ್ಟು, "ಕೊನೇ ಸಾಲು ಹೊಡೆದು ಹಾಕಿ ಅಮ್ಮ. ಆವತ್ತು ಎಚ್ಚರವಾಗಿದ್ದದ್ದು ನಾನು, ಅಜ್ಜ ಇಬ್ಬರೇ," ಎಂದಳು. ಡಾಕ್ಟರಮ್ಮ ಸರಪಳಿಯ ಪೆನ್ನನ್ನು ಎಳೆದುಕೊಂಡು ಸಾಲು ಹೊಡೆದರು.

ಮರುದಿನ ಅಜ್ಜ ಕಿಟಕಿಯ ಬೆಳಕು ಬೇಕೆಂದು ಒಂಬತ್ತಕ್ಕೇ ವಾಪಸಾದರು. ಹತ್ತು ನಿಮಿಷಕ್ಕೆ ಯಂತ್ರ ನಡುಗಿತು. ಅಕ್ಕ ಓಣಿಯುದ್ದ ಓಡಿದಳು.

"ಏನ್ ಬೇಕಿತ್ತು ಅಜ್ಜ?"

"ಏನೂ ಇಲ್ಲ ತಾಯಿ. ಬರ್ತೀಯೇನೋ ನೋಡೋಣ ಅಂತ."

ಅಕ್ಕ ಬೈಯಲಿಲ್ಲ. ಸೊಂಟದ ಯಂತ್ರದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತು, "ಇನ್ನೊಂದ್ ಸಲ ಒತ್ತಿ," ಎಂದಳು.