ಬಣ್ಣವಿಲ್ಲದ ಯಜಮಾನರು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಕೊಡುವ ನಮ್ಮ ಟ್ವಿಸ್ಟಿಂಗ್ ಫ್ಯಾಕ್ಟರಿಗೆ ತೊಂಬತ್ತೇಳರಲ್ಲಿ ಕಂಪ್ಯೂಟರ್ ಬಂದಾಗ ಮೊದಲು ನಡೆದದ್ದು ಪೂಜೆ. ಯಜಮಾನರು ಮುನಿನಾರಾಯಣಪ್ಪನವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಪಕ್ಕದ ಗೋಡೆಯ ಮೇಲೆ 'ಶುಭ ಲಾಭ' ಎಂದು ಬರೆದರು. ಪಾಸ್‌ವರ್ಡ್ ಏನಿಡೋಣ ಎಂದು ಕೇಳಿದ್ದಕ್ಕೆ ಅದೇ ಗೋಡೆ ತೋರಿಸಿದರು. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದೂ ಗೋಡೆಯ ಮೇಲೆ! ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗಾಯಿತು ಎಂದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎಲ್ಲರೂ ಅಂದರೆ ಮೂವರು. ಆಪರೇಟರ್ ನೂರುಲ್ಲಾ, ಸ್ಟೋರ್ಸಿನ ಕೋನಪ್ಪ, ಹುರಿ ಸೆಕ್ಷನ್ನಿನ ಮೇಸ್ತ್ರಿ ಆಂಜಿನಮ್ಮ, ಅಂದರೆ ನಾನು. ಯಜಮಾನರು ಮಾತ್ರ ಕಂಪ್ಯೂಟರ್‌ನಲ್ಲಿ ತಮ್ಮ ಹೆಸರು ಹಾಕಿಸಲಿಲ್ಲ. "ನನ್ಗ್ಯಾಕಪ್ಪ ಅದು? ನಾನು ಮುಟ್ಟದೂ ಇಲ್ಲ" ಎಂದರು. ಬಲು ಶಿಸ್ತಿನ ಮನುಷ್ಯ. 'ಇಸ್ಪೀಟು ಆಡಿದವರನ್ನು ಕೆಲಸದಿಂದ ತೆಗೆಯಲಾಗುವುದು' ಎಂದು ಗೇಟಿನಲ್ಲೇ ಬೋರ್ಡು ಹಾಕಿಸಿದ್ದವರು.

ಕೆಲವು ತಿಂಗಳಾದ ಮೇಲೆ, ಯಾವ ಲಾಟಿನ ನೂಲಿಗೆ ಎಷ್ಟು ಹುರಿ ಕೊಡಬೇಕು ಎಂಬ ಪಟ್ಟಿಗಳು ಕಂಪ್ಯೂಟರ್‌ನಿಂದ ಒಂದೊಂದಾಗಿ ಮಾಯವಾಗತೊಡಗಿದವು. ಎರಡು ತಿಂಗಳಲ್ಲಿ ಎಂಟು ಪಟ್ಟಿ! ಧರ್ಮಾವರಕ್ಕೆ ಕಳಿಸಿದ ಲಾಟು ಹುರಿ ತಪ್ಪಾಗಿದೆಯೆಂದು ವಾಪಸ್ಸು ಬಂತು. ಕಂಪ್ಯೂಟರ್ ಮಾರಿದವರ ಕಡೆಯವನೊಬ್ಬ ಬಂದು, ಯಾರು ಯಾವ ದಿನ ಎಷ್ಟು ಹೊತ್ತಿಗೆ ಒಳಗೆ ಹೋಗಿದ್ದಾರೆ, ಯಾರ ಹೆಸರಲ್ಲಿ ಏನು ಅಳಿಸಿದೆ ಎಂದು ಪ್ರಿಂಟ್ ತೆಗೆದ. ಸೀರೆಯಷ್ಟು ಉದ್ದದ ಕಾಗದ. ಅಳಿಸಿದ ಕಡೆಯೆಲ್ಲ ನೂರುಲ್ಲಾನ ಹೆಸರೇ.

"ಚಿಂತಾಮಣಿ ಫ್ಯಾಕ್ಟರಿಯೋರ್ಗೆ ಪಟ್ಟಿ ಮಾರ್ಕೊಂಡು ಇಲ್ಲಿ ಅಳಿಸ್ತಾನೆ ಕಣಮ್ಮ. ಸೋಮವಾರದಿಂದ ಬರೋದ್ಬೇಡ ಅಂತ ಹೇಳ್ಬಿಡು" ಎಂದರು ಯಜಮಾನರು.

ನನಗೆ ಮೈಯೆಲ್ಲ ಉರಿಯಿತು. ನೂರುಲ್ಲಾನ ತಾಯಿ ಜಾನ್ ಬೀ ಇಪ್ಪತ್ತು ವರ್ಷ ಬಿಸಿನೀರಿಗೆ ಕೈ ಅದ್ದಿ ಗೂಡಿನ ನೂಲು ಬಿಚ್ಚಿದವಳು. ಮಗ ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತಾನೆಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು. ಕಳ್ಳನೆಂಬ ಹೆಸರು ಹೊತ್ತು ಹೋದವನನ್ನು ಈ ಊರಲ್ಲಿ ಇನ್ಯಾರು ಕೆಲಸಕ್ಕೆ ಸೇರಿಸುತ್ತಾರೆ?

"ಅಲ್ಲಾನ ಆಣೆ, ನಾನಲ್ಲ ಅಕ್ಕ" ಎಂದ ನೂರುಲ್ಲಾ.

"ಆಣೆ ಇಟ್ರೆ ಯಾರು ಕೇಳ್ತಾರೋ? ಆ ಕಾಗದ ಇಲ್ಲಿ ಕೊಡು."

ಮೂರು ಸಲ ಓದಿದೆ. ತಲೆಬುಡ ತಿಳಿಯಲಿಲ್ಲ. ಆದರೆ ನೂಲಿನಲ್ಲಿ ಎಲ್ಲಿ ಗಂಟು ಬಿದ್ದಿದೆಯೆಂದು ನಾನು ನಾಲ್ಕು ಮಾರು ದೂರದಿಂದಲೇ ಹೇಳಬಲ್ಲೆ. ಸರಿ, ಹಳೇ ಹಲಗೆಯೊಂದಕ್ಕೆ ಮೊಳೆ ಹೊಡೆದೆ. ಮೇಲಿಂದ ಕೆಳಕ್ಕೆ ಸೋಮವಾರದಿಂದ ಶನಿವಾರ, ಎಡದಿಂದ ಬಲಕ್ಕೆ ಗಂಟೆಗಳು. ನೂರುಲ್ಲಾಗೆ ಹಸಿರು ದಾರ, ಕೋನಪ್ಪನಿಗೆ ಕೆಂಪು, ನನಗೆ ಹಳದಿ. ಒಳಗೆ ಹೋದಾಗೆಲ್ಲ ಆ ಮೊಳೆಗೆ ಒಂದು ಗಂಟು, ಪಟ್ಟಿ ಅಳಿಸಿದ್ದರೆ ಅದೇ ಬಣ್ಣದ ಕುಚ್ಚು.

"ಕಂಪ್ಯೂಟರ್‌ಗೆ ಮಗ್ಗ ಹೂಡ್ತಾ ಇದ್ದೀಯೇನಮ್ಮ?" ಎಂದು ಕೋನಪ್ಪ ಕಿಸಕ್ಕನೆ ನಕ್ಕ.

"ನಿನ್ನ ನಾಲಿಗೆಗೂ ಒಂದು ಮೊಳೆ ಐತೆ, ಬಾ" ಎಂದೆ.

ಶನಿವಾರ ಮಧ್ಯಾಹ್ನ ಕೊನೆಯ ಗಂಟು ಹಾಕಿ ದೂರ ನಿಂತು ನೋಡಿದೆ. ಅಯ್ಯೋ ನನ್ನಪ್ಪಾ! ಎಂಟು ಕುಚ್ಚೂ ಒಂದೇ ಮೊಳೆಯಲ್ಲಿ, ದ್ರಾಕ್ಷಿ ಗೊಂಚಲಿನ ಹಾಗೆ ಜೋತುಬಿದ್ದಿದ್ದವು. ಹಲಗೆ ಹೊತ್ತುಕೊಂಡು, ನೂರುಲ್ಲಾ, ಕೋನಪ್ಪ ಇಬ್ಬರನ್ನೂ ಎಳೆದುಕೊಂಡು ಯಜಮಾನರ ಮುಂದೆ ನಿಂತೆ.

"ಹಸಿರು ಯಾರ್ದು?" ಎಂದರು.

"ನೂರುಲ್ಲಾದು."

"ನಾನ್ ಹೇಳ್ಲಿಲ್ವಾ!"

"ಪೂರ್ತಿ ನೋಡಿ ಯಜಮಾನ್ರೇ. ಮೊಳೆ ಯಾವ್ದು?"

"ಶುಕ್ರವಾರ... ಮಧ್ಯಾಹ್ನ ಒಂದು ಗಂಟೆ."

"ಆ ಹೊತ್ನಲ್ಲಿ ಇವನೆಲ್ಲಿರ್ತಾನೆ? ನಮಾಜಿಗೆ ಹೋಗಿ ಬಾ ಅಂತ ಎರಡು ಗಂಟೆವರೆಗೆ ರಜಾ ಕೊಟ್ಟೋರು ನೀವೇ. ಕೋನಪ್ಪ ಊಟಕ್ಕೆ ಮನೆಗೆ ಹೋಗ್ತಾನೆ. ನಾನು ಹೆಂಗಸರ ಜೊತೆ ಹಿತ್ತಲಲ್ಲಿ ಉಣ್ತೀನಿ. ಕಂಪ್ಯೂಟರ್ ಇಟ್ಟಿರೋ ಆ ಎಸಿ ರೂಮಿನ ಕೀಲಿ..."

ಅಲ್ಲಿಗೇ ನಿಲ್ಲಿಸಿದೆ. ಕೀಲಿ ಅವರ ಸೊಂಟದಲ್ಲೇ ಇತ್ತು. ಯಜಮಾನರು ಗೊಂಚಲನ್ನು ನೋಡಿದರು, ಕೀಲಿ ಮುಟ್ಟಿಕೊಂಡರು, ಆಮೇಲೆ ಮುಖ ಒರೆಸಿಕೊಂಡರು.

"ಕಂಪ್ಯೂಟರ್ ಕಂಪನಿಯೋನು ತೋರಿಸ್ಕೊಟ್ಟಿದ್ದ ಕಣಮ್ಮ" ಎಂದರು ಮೆಲ್ಲಗೆ. "ಅದ್ರೊಳಗೆ ಇಸ್ಪೀಟು ಐತೆ. ಶುಕ್ರವಾರ ರೂಮು ಖಾಲಿ ಇರ್ತಿತ್ತಲ್ಲ... ತೆರೆದ್ರೆ ಇವನ ಹೆಸರು ಕಾಣ್ತಿತ್ತು. ಗೋಡೆ ನೋಡ್ಕೊಂಡು ಒತ್ತುತಿದ್ದೆ. ಆಡಿದ್ದು ಯಾರ್ಗೂ ಗೊತ್ತಾಗ್ಬಾರ್ದು ಅಂತ, ಕೊನೇಲಿ ಕಂಡಿದ್ದೇ ಆಟದ ಗುರುತು ಅಂದ್ಕೊಂಡು ಅದನ್ನ ಅಳಿಸ್ಬಿಡ್ತಿದ್ದೆ."

ಕೋನಪ್ಪ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ. ನಾನೂ ತಡೆಯಲಾರದೆ ನಕ್ಕೆ. ನೂರುಲ್ಲಾ ಮಾತ್ರ ನಗಲಿಲ್ಲ, ಅವನ ಕಣ್ಣು ತುಂಬಿತ್ತು. ಅದನ್ನು ನೋಡಿ ಯಜಮಾನರು ಎದ್ದು ಬಂದು ಅವನ ಭುಜ ಹಿಡಿದರು. "ತಪ್ಪಾಯ್ತಪ್ಪ. ನಿಮ್ಮಮ್ಮನಿಗೆ ನಾನೇ ಬಂದು ಹೇಳ್ತೀನಿ" ಎಂದರು. ಸಂಜೆ ಹೇಳಿಯೂ ಬಂದರು. ಜಾನ್ ಬೀ ಮೊದಲು ಚೆನ್ನಾಗಿ ಬೈದು, ಆಮೇಲೆ ಚಹಾ ಕೊಟ್ಟಳಂತೆ.

ಸೋಮವಾರ ಗೋಡೆಗೆ ಸುಣ್ಣ ಬಳಿಸಿದೆವು. ಈಗ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್, ನನ್ನದು ಏನೆಂದು ನಿಮಗೂ ಹೇಳುವುದಿಲ್ಲ. ಹಲಗೆಯನ್ನು ಬಾಗಿಲ ಪಕ್ಕ ನೇತುಹಾಕಿದೆ. ವಾರಕ್ಕೊಮ್ಮೆ ಗಂಟು ಹಾಕಬೇಕೆಂದು ಅಪ್ಪಣೆಯಾಯಿತು. ಯಜಮಾನರು ಅದರ ಮುಂದೆ ಬಹಳ ಹೊತ್ತು ನಿಂತರು.

"ಎಲ್ಲಾರ್ಗೂ ಬಣ್ಣ ಐತೆ, ನನ್ಗೇ ಇಲ್ವಲ್ಲಮ್ಮ."

"ಮುಟ್ಟದೂ ಇಲ್ಲ ಅಂದಿದ್ರಿ!" ಎಂದೆ.

ನೂರುಲ್ಲಾ ದಾರದ ಡಬ್ಬಿಗೆ ಕೈ ಹಾಕಿ ಗುಲಾಬಿ ಎಳೆಯೊಂದನ್ನು ತೆಗೆದ. ಶುಕ್ರವಾರ ಒಂದು ಗಂಟೆಯ ಮೊಳೆಗೆ ತಾನೇ ಅದನ್ನು ಕಟ್ಟಿದ.

"ಆಡಿ ಯಜಮಾನ್ರೇ" ಎಂದ, ಎಷ್ಟೋ ದಿನದ ಮೇಲೆ ನಗುತ್ತಾ. "ನಿಮ್ಮ ಹೆಸರಲ್ಲೇ ಆಡಿ."